ಮೋಟಾರು ನಿಲ್ಲಿಸುವ ಬಿಲ್ಲೆ

ಅವರು ತೀರಿಕೊಂಡ ವಿಷಯ ನನಗೆ ತಿಳಿಯುವ ಹೊತ್ತಿಗೆ ತಿಂಗಳು ಕಳೆದಿತ್ತು. ತಿಂಗಳ ಹಿಂದಿನ ಸಾವನ್ನು ಪತ್ರಿಕೆ ಸುದ್ದಿ ಮಾಡುವುದಿಲ್ಲ. ಡೆಸ್ಕಿನಲ್ಲಿ ಕೂತ ವರ್ಷಗಳಲ್ಲಿ ನಾನೇ ಅಂಥ ಎಷ್ಟೋ ವರದಿಗಳನ್ನು ಪಕ್ಕಕ್ಕೆ ಸರಿಸಿದ್ದೇನೆ. ಕೋಲಾರದ ಅವರ ಮನೆಗೆ ಹೋದಾಗ ಅವರ ಹೆಂಡತಿ ಕಾಫಿ ಕೊಟ್ಟು, ಬರೆಯುವುದಾದರೆ ಹೆಸರು ಹಾಕಬೇಡಿ, ಬಿಲ್ಲೆಯ ವಿಷಯ ಬರೆಯಿರಿ ಎಂದರು. ಅದರಂತೆ ಇಲ್ಲಿ ಅವರ ಹೆಸರಿಲ್ಲ, ಅವರು ದುಡಿದ ಸಂಸ್ಥೆಯ ಹೆಸರೂ ಇಲ್ಲ. ಶ್ರೀನಿವಾಸಪುರದ ಸುತ್ತಿನ ರೈತರು ಅವರನ್ನು ‘ಬಿಲ್ಲೆ ಸಾರ್’ ಎನ್ನುತ್ತಿದ್ದರು. ಆ ಕಡೆಯವರಿಗೆ ಅಷ್ಟು ಗುರುತು ಸಾಕು.

ಅವರು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಂಗಾಣಿಯ ಮೇಲೆ ಕೆಲಸ ಮಾಡುತ್ತಿದ್ದ ವಿಜ್ಞಾನಿ. ಪಿಂಗಾಣಿ ಎಂದರೆ ನಮಗೆ ಕಪ್ಪು, ಸಾಸರು, ಕರೆಂಟು ಕಂಬದ ಮೇಲಿನ ಬಿಳಿ ಬಟ್ಟಲು. ಅವರ ಪಿಂಗಾಣಿ ಅದಲ್ಲ. ಒತ್ತಿದರೆ ವಿದ್ಯುತ್ತು ಹುಟ್ಟಿಸುವ, ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ, ಬಿಸಿಯನ್ನು ಗುರುತಿಸುವ ಪಿಂಗಾಣಿಗಳಿವೆ ಎಂದು ನನಗೆ ಗೊತ್ತಾದದ್ದು ಅವರಿಂದ. ‘ಕಪ್ಪು ಸುಮ್ಮನೆ ಕೂತಿರ್ತದೆ. ಇದು ಕೆಲಸ ಮಾಡ್ತದೆ. ಅಷ್ಟೇ ವ್ಯತ್ಯಾಸ’ ಎಂದು ಒಮ್ಮೆ ಹೇಳಿದ್ದರು. ವಿಜ್ಞಾನದ ವಿಷಯದಲ್ಲಿ ಅವರಾಡಿದ ಮಾತುಗಳಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಬಹುಶಃ ಅದೊಂದೇ.

ಎಪ್ಪತ್ತರ ದಶಕದಲ್ಲಿ ನಾನು ಕೋಲಾರಕ್ಕೆ ಜಿಲ್ಲಾ ವರದಿಗಾರನಾಗಿ ಬಂದೆ. ಅವರನ್ನು ಮೊದಲು ನೋಡಿದ್ದು ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ. ಗೂಡುಗಳಿಗೆ ಸೌದೆ ಸಿಗುತ್ತಿಲ್ಲವೆಂಬ ದೂರಿನ ಸುದ್ದಿಗಾಗಿ ಹೋಗಿದ್ದೆ. ಅಂಗಳದಲ್ಲಿ ಜೋಡಿಸಿದ ಹೆಂಚುಗಳ ಮುಂದೆ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿಯ ಕುಳ್ಳ ಮನುಷ್ಯರೊಬ್ಬರು ಒಂದು ಹೆಂಚನ್ನು ಎತ್ತಿ ಅದರ ಅಂಚಿಗೆ ನಾಲಿಗೆ ತಾಗಿಸಿದರು. ಇನ್ನೊಂದನ್ನು ಎತ್ತಿ ಅದಕ್ಕೂ ತಾಗಿಸಿದರು. ಕಾರ್ಖಾನೆಯ ಮಾಲೀಕರು ನನ್ನ ಮುಖ ನೋಡಿ ನಕ್ಕರು.

‘ನಮ್ಮ ಟೇಕಲ್ ಕಡೆಯವರು. ದೊಡ್ಡ ಸೈಂಟಿಸ್ಟು. ಬಂದಾಗೆಲ್ಲ ಹೆಂಚಿನ ರುಚಿ ನೋಡ್ತಾರೆ’ ಎಂದರು.

ನಾಲಿಗೆಗೆ ಅಂಟಿದರೆ ಹೆಂಚು ಇನ್ನೂ ನೀರು ಕುಡಿಯುತ್ತದೆ, ಸರಿಯಾಗಿ ಬೆಂದಿಲ್ಲ ಎಂದು ಅವರು ವಿವರಿಸಿದರು. ಪ್ರಯೋಗಾಲಯದಲ್ಲೂ ಹೀಗೇ ನೋಡುತ್ತೀರಾ ಎಂದು ಕೇಳಿದೆ. ಅಲ್ಲಿಯದಕ್ಕೆ ನಾಲಿಗೆ ಇಟ್ಟರೆ ಹೆಂಡತಿ ವಿಧವೆಯಾಗುತ್ತಾಳೆ, ಕೆಲವಕ್ಕೆ ಸೀಸ ಹಾಕಿರುತ್ತೇವೆ ಎಂದರು. ನಗಲಿಲ್ಲ. ಅವರು ತಮಾಷೆ ಮಾಡುವಾಗ ನಗುತ್ತಿರಲಿಲ್ಲ. ಹಾಗಾಗಿ ತಮಾಷೆ ಯಾವುದು, ಅಲ್ಲದ್ದು ಯಾವುದು ಎಂದು ತಿಳಿಯಲು ಹೊಸಬರಿಗೆ ಸ್ವಲ್ಪ ಕಾಲ ಬೇಕಾಗುತ್ತಿತ್ತು.

ಟೇಕಲ್ ಬೆಟ್ಟದ ಹಿಂದಿನ ಊರು ಅವರದು. ರಾಗಿ, ಹಿಪ್ಪುನೇರಳೆ, ಒಂದು ತೆರೆದ ಬಾವಿ. ಅಣ್ಣ ಬೇಸಾಯಕ್ಕೆ ನಿಂತರು, ಇವರು ಓದಿದರು. ಜೊತೆಯಲ್ಲಿ ಸಂಸ್ಥೆ ಸೇರಿದವರೆಲ್ಲ ರೇಡಾರಿಗೆ, ರೇಡಿಯೋಗೆ ಬೇಕಾದ ಪಿಂಗಾಣಿಯ ಕಡೆ ಹೋದರು. ಹೆಸರೂ ಅಲ್ಲಿತ್ತು, ವಿದೇಶ ಪ್ರವಾಸವೂ ಅಲ್ಲಿತ್ತು. ಇವರೂ ಕೆಲವು ವರ್ಷ ಅದನ್ನೇ ಮಾಡಿದರು. ಆಮೇಲೆ ಒಂದು ಬೇಸಿಗೆ ಊರಿಗೆ ಹೋದಾಗ ಅಣ್ಣನ ಪಂಪಿನ ಮೋಟಾರು ಸುಟ್ಟಿತ್ತು. ಅದರ ಹಿಂದಿನ ಬೇಸಿಗೆಯೂ ಸುಟ್ಟಿತ್ತಂತೆ. ನಮ್ಮ ಜಿಲ್ಲೆಯಲ್ಲಿ ಆಗ ಅದು ಸುದ್ದಿಯೇ ಅಲ್ಲ. ಬೇಸಿಗೆಯಲ್ಲಿ ವೋಲ್ಟೇಜು ಇಳಿಯುತ್ತದೆ, ಮೋಟಾರು ಏದುಸಿರು ಬಿಟ್ಟುಕೊಂಡು ಓಡುತ್ತದೆ, ಒಳಗಿನ ತಾಮ್ರದ ಸುತ್ತು ಕಾದು ಅದರ ಮೇಲಿನ ವಾರ್ನಿಷು ಸುಟ್ಟು ವಾಸನೆ ಬರುತ್ತದೆ. ವಾಸನೆ ಬಂತೆಂದರೆ ಮುಗಿಯಿತು. ಮೋಟಾರನ್ನು ಬಾವಿಯಿಂದ ಎತ್ತಿ, ಗಾಡಿಗೆ ಹಾಕಿ, ಪೇಟೆಯ ರಿವೈಂಡಿಂಗ್ ಅಂಗಡಿಗೆ ಒಯ್ಯಬೇಕು. ಅದು ಸರಿಯಾಗಿ ಬರುವಷ್ಟರಲ್ಲಿ ಬೆಳೆ ಬಾಡಿರುತ್ತದೆ.

ಅಣ್ಣ ಒಂದು ಮಾತು ಕೇಳಿದರಂತೆ. ‘ಏನ್ಲಾ, ಅಷ್ಟೆಲ್ಲಾ ಓದಿದೀಯಲ್ಲ, ಸುಟ್ಟೋಗೋ ಮುಂಚೆ ಗೊತ್ತಾಗೋ ಹಂಗೆ ಏನಾನ ಮಾಡಕ್ಕಾಗಲ್ವಾ?’

ಆ ಮಾತಿನಿಂದ ಹುಟ್ಟಿದ್ದು ಬಿಲ್ಲೆ. ಬೇರಿಯಂ ಟೈಟನೇಟ್ ಎಂಬ ಪುಡಿಗೆ ಬೇರೆ ಧಾತುಗಳನ್ನು ಚಿಟಿಕೆಗಿಂತ ಕಡಿಮೆ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಹೆಂಚಿಗಿಂತ ಹೆಚ್ಚಿನ ಕಾವಿನಲ್ಲಿ ಸುಟ್ಟು ಮಾಡಿದ ಕಂದು ಬಣ್ಣದ ತುಣುಕು. ಅಂಗಿಯ ಗುಂಡಿಗಿಂತ ಚಿಕ್ಕದು. ತಣ್ಣಗಿರುವಾಗ ಅದು ಕರೆಂಟನ್ನು ಹಾದುಹೋಗಲು ಬಿಡುತ್ತದೆ. ಒಂದು ಮಟ್ಟ ಮೀರಿ ಬಿಸಿಯಾದರೆ ಥಟ್ಟನೆ ತಡೆಯುತ್ತದೆ. ಆರಿದ ಮೇಲೆ ಮತ್ತೆ ಬಿಡುತ್ತದೆ. ಮೋಟಾರಿನ ಸುತ್ತುಗಳ ನಡುವೆ ಇಂಥ ಬಿಲ್ಲೆಗಳನ್ನು ಹುದುಗಿಸಿ, ಅವುಗಳ ತಂತಿಯನ್ನು ಸ್ಟಾರ್ಟರಿನ ಪಕ್ಕದ ಒಂದು ಪುಟ್ಟ ಡಬ್ಬಿಗೆ ಕೊಡುವುದು. ಮೋಟಾರು ಸುಡುವ ಮಟ್ಟಕ್ಕೆ ಕಾಯುವ ಮುಂಚೆಯೇ ಬಿಲ್ಲೆ ತಡೆಯುತ್ತದೆ, ಸ್ಟಾರ್ಟರ್ ಟಕ್ ಎಂದು ಬೀಳುತ್ತದೆ, ಮೋಟಾರು ನಿಲ್ಲುತ್ತದೆ. ಆರಿದ ಮೇಲೆ ಮತ್ತೆ ಹಾಕಿಕೊಳ್ಳಬಹುದು. ಸುಡುವುದಿಲ್ಲ.

ಈ ಬಿಲ್ಲೆಗೆ ಬುದ್ಧಿ ಬರುವುದು ಸುಡುವಾಗ ಅಲ್ಲ, ಆರುವಾಗ ಎನ್ನುತ್ತಿದ್ದರು. ಕುಲುಮೆಯೊಳಗೆ ಗಾಳಿ ಆಡುತ್ತಾ ನಿಧಾನವಾಗಿ ಆರಿದರೆ ಮಾತ್ರ ಅದಕ್ಕೆ ಆ ತಡೆಯುವ ಗುಣ ಬರುತ್ತದೆ. ಅವಸರದಿಂದ ಬಾಗಿಲು ತೆಗೆದರೆ ಅದು ಬರೀ ಕಂದು ಕಲ್ಲು. ಅವರ ಜೊತೆ ಕೆಲಸ ಮಾಡಿದವರು ಹೇಳಿದಂತೆ, ಮೇಲಧಿಕಾರಿಗಳು ಪಕ್ಕದಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರೂ ಅವರು ಕುಲುಮೆ ತೆರೆಯುತ್ತಿರಲಿಲ್ಲ. ‘ತಣ್ಣಗಾಗಲಿ’ ಎನ್ನುತ್ತಿದ್ದರು. ಅದೇ ಮಾತನ್ನು ಮನೆಯಲ್ಲಿ, ಊರಿನ ವ್ಯಾಜ್ಯದಲ್ಲಿ, ಬಸ್ಸಿನ ಕಂಡಕ್ಟರ್ ಜೊತೆ ಯಾರಾದರೂ ಜಗಳವಾಡಿದಾಗಲೂ ಹೇಳುತ್ತಿದ್ದರು. ಅವರ ಬಾಯಲ್ಲಿ ಅದು ಉಪದೇಶವಾಗಿರಲಿಲ್ಲ, ಕೆಲಸದ ಕ್ರಮವಾಗಿತ್ತು.

ಅವರಿಗೆ ಬೇಕಾಗಿದ್ದುದು ಒಂದೇ: ಆ ಬಿಲ್ಲೆ ಮಾಲೂರಿನಲ್ಲಿ ತಯಾರಾಗಬೇಕು. ಬೆಂಗಳೂರಿನಲ್ಲಿ ಅಲ್ಲ, ಬೊಂಬಾಯಿಯಲ್ಲಿ ಅಲ್ಲ. ಹೆಂಚಿನ ಕಾರ್ಖಾನೆಯ ಆ ಮಾಲೀಕರು ತಮ್ಮ ಹಿಂಬದಿಯ ಒಂದು ಷೆಡ್ ಬಿಟ್ಟುಕೊಡಲು ಒಪ್ಪಿದ್ದರು. ನೂರಾರು ಗೂಡು ಉರಿಯುವ ಊರು, ಬೆಂಕಿಯ ಮುಂದೆ ನಿಲ್ಲಲು ಹೆದರದ ಜನ, ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ ಎಂದು ಅವರ ವಾದ. ಒಂದು ದಿನ ನನ್ನನ್ನು ಕರೆದೊಯ್ದು ಖಾಲಿ ಷೆಡ್ಡಿನಲ್ಲಿ ನಿಲ್ಲಿಸಿ, ಇಲ್ಲಿ ಅಚ್ಚು, ಅಲ್ಲಿ ಕುಲುಮೆ, ಕಿಟಕಿಯ ಹತ್ತಿರ ಪರೀಕ್ಷೆಯ ಮೇಜು ಎಂದು ತೋರಿಸಿದರು. ಮಾಲೀಕರು ಹಿಂದೆಯೇ ಇದ್ದರು.

‘ನನ್ನ ಹೆಂಚು ಲಾರಿ ತುಂಬ ಹೋಗ್ತದೆ, ನಿಮ್ಮದು ಜೇಬು ತುಂಬ ಹೋಗ್ತದೆ. ನಾನು ಗೇಟಿಗೆ ಯಾರನ್ನ ಕಾವಲಿಡ್ಲಿ ಸಾರ್, ಟೈಲರ್‌ನ ಇಡ್ಲಾ?’ ಎಂದರು.

ಸಂಸ್ಥೆ ಒಂದು ಷರತ್ತು ಹಾಕಿತ್ತು. ಹಳ್ಳಿಗಳಲ್ಲಿ ಪ್ರಯೋಗ ನಡೆಯಬೇಕು. ಬಿಲ್ಲೆ ಹಾಕಿದ ಮೋಟಾರುಗಳು ಒಂದು ಬೇಸಿಗೆ ಸುಡದೆ ಉಳಿದರೆ ವಿಧಾನವನ್ನೂ ಕುಲುಮೆಯನ್ನೂ ಮಾಲೂರಿಗೆ ಕೊಡುತ್ತೇವೆ, ಇಲ್ಲವಾದರೆ ಇಲ್ಲ.

ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಗಳ ಹಿಂದಿನ ಬೀದಿಯಲ್ಲಿ ಬಾಷಾ ಎಂಬುವರ ರಿವೈಂಡಿಂಗ್ ಅಂಗಡಿ ಇತ್ತು. ಸುಟ್ಟ ಮೋಟಾರು ಅವರ ಹತ್ತಿರ ಬಂದಾಗ, ಹೊಸ ತಾಮ್ರ ಸುತ್ತುವಾಗಲೇ ಬಿಲ್ಲೆಗಳನ್ನು ಹುದುಗಿಸುವುದೆಂದು ಮಾತಾಯಿತು. ಬಾಷಾ ಬಾಯಿ ಬಿಟ್ಟರೆ ಉರ್ದು, ತೆಲುಗು, ಕನ್ನಡ ಮೂರೂ ಒಂದೇ ವಾಕ್ಯದಲ್ಲಿ ಬರುತ್ತಿದ್ದವು. ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿ, ‘ಇದು ನಿಜ್ವಾಗ್ಲೂ ಕೆಲಸ ಮಾಡಿದ್ರೆ ನಾನು ಅಂಗಡಿ ಬಂದ್ ಮಾಡಿ ಮಂಡೀಲಿ ಮಾವಿನಕಾಯಿ ಹೊರ್ಬೇಕಲ್ಲ ಸಾರ್’ ಎಂದರು.

‘ಸುಡದೇ ಇರೋ ಮೋಟಾರಿಗೂ ಬೇರಿಂಗ್ ಹೋಗ್ತದೆ ಬಾಷಾ. ಅಂಗಡಿ ಇರ್ತದೆ’ ಎಂದು ಇವರು ಸಮಾಧಾನ ಹೇಳಿದರು. ಬಾಷಾ ಅವರ ಬೆರಳಿನ ಕೆಲಸ ಚೆನ್ನಾಗಿತ್ತು. ಶ್ರೀನಿವಾಸಪುರದ ಸುತ್ತ, ಮುಳಬಾಗಿಲು ಕಡೆಯ ದೇವರಾಯಸಮುದ್ರದ ಕೆರೆ ಕೆಳಗೆ, ಒಂದಷ್ಟು ಬಾವಿಗಳಲ್ಲಿ ಬಿಲ್ಲೆ ಹಾಕಿದ ಮೋಟಾರುಗಳು ಇಳಿದವು.

ಬೇಸಿಗೆ ಕಳೆಯುತ್ತಾ ಬಂದಾಗ ಸಂಸ್ಥೆ ತನ್ನ ಒಬ್ಬ ಯುವ ಅಧಿಕಾರಿಯನ್ನು ಜೀಪಿನಲ್ಲಿ ಕಳಿಸಿತು. ಬಿಲ್ಲೆ ಮಾಡಿದವರೇ ಬಿಲ್ಲೆಯನ್ನು ಪರೀಕ್ಷಿಸಬಾರದೆಂಬ ನಿಯಮ, ಅದರಲ್ಲಿ ತಪ್ಪೇನಿರಲಿಲ್ಲ. ಆ ಅಧಿಕಾರಿ ಉತ್ತರದ ಜಿಲ್ಲೆಯವರು, ಕೋಲಾರದ ಕಡೆ ಬಂದದ್ದು ಅದೇ ಮೊದಲು. ಪ್ರತಿ ಬಾವಿಯ ಹತ್ತಿರವೂ ಜೀಪು ನಿಲ್ಲಿಸಿ ರೈತರನ್ನು ವಿಚಾರಿಸಿದರು. ಮೋಟಾರುಗಳು ಬಾವಿಯ ಆಳದಲ್ಲಿ, ಕಲ್ಲಿನ ಚಾಚಿನ ಮೇಲೆ ಕೂತಿದ್ದವು. ಪ್ರತಿಯೊಂದಕ್ಕೂ ಇಳಿದು ನೋಡಲು ಆಗುವ ಮಾತಲ್ಲ. ವಾಪಸು ಹೋಗಿ ಕೊಟ್ಟ ವರದಿಯ ಸಾರ ಇಷ್ಟು: ಹೆಚ್ಚಿನ ಮೋಟಾರುಗಳು ಕೆಟ್ಟುಹೋಗಿವೆ, ಕೆಲವು ಒಂದಕ್ಕಿಂತ ಹೆಚ್ಚು ಸಲ.

ಇವರು ಆ ವರದಿಯನ್ನು ನಂಬಿದರು. ಅದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಆಮೇಲೆ ಅವರ ಬಗ್ಗೆ, ಸೋಲು ಒಪ್ಪದ ಹಟಮಾರಿ ಎಂಬಂಥ ಮಾತುಗಳು ಬಂದವು. ಅವರು ಜಗಳವಾಡಲಿಲ್ಲ, ಅಧಿಕಾರಿಯನ್ನು ದೂರಲಿಲ್ಲ. ತಮ್ಮ ಬಿಲ್ಲೆಯಲ್ಲೇ ದೋಷವಿದೆಯೆಂದುಕೊಂಡು ಉಳಿದ ಬಿಲ್ಲೆಗಳನ್ನು ಎಣ್ಣೆಯಲ್ಲಿ ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ ಪರೀಕ್ಷಿಸುತ್ತಾ ಕೂತರು. ಎಲ್ಲವೂ ತಡೆಯಬೇಕಾದ ಕಡೆ ತಡೆಯುತ್ತಿದ್ದವು. ಪುಡಿ ಅರೆಯುವಾಗ ಕಬ್ಬಿಣ ಬೆರೆತಿರಬಹುದೆಂದು ನೋಡಿದರು, ಪುಡಿ ಕಲಸುವ ನೀರು ನೋಡಿದರು. ಸಿಗಲಿಲ್ಲ. ಆ ತಿಂಗಳುಗಳಲ್ಲಿ ಅವರು ಇಳಿದುಹೋದರು. ಕೋಲಾರದ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, ಮೈ ಹುಷಾರಿಲ್ಲವೇ ಎಂದು ಕೇಳಿದ್ದೆ.

ಗಂಟು ಬಿಚ್ಚಿದ್ದು ಬಾಷಾ ಅವರ ಒಂದು ಹಂಗಿಸುವ ಮಾತು. ಇವರು ಅಂಗಡಿಗೆ ಹೋಗಿ, ಸುಟ್ಟು ಬಂದ ಮೋಟಾರುಗಳಿಂದ ಹಳೆಯ ಬಿಲ್ಲೆ ತೆಗೆದಿಟ್ಟಿದ್ದರೆ ಕೊಡಿ ಎಂದು ಕೇಳಿದರು. ನಾನೂ ಜೊತೆಯಲ್ಲಿದ್ದೆ.

‘ಯಾವ ಮೋಟ್ರು ಸಾರ್? ಅಷ್ಟೊಂದು ಸುಟ್ಟಿದ್ರೆ ನನ್ನತ್ರ ಬರ್ಬೇಕಲ್ಲ. ನಾನೇನು ಹಜ್‌ಗೆ ಹೋಗಿದ್ನಾ?’

ಬೇರೆ ಪೇಟೆಗೆ ಒಯ್ದಿರಬಹುದು ಎಂದರು ಇವರು. ಆದರೂ ಹೋಗಿ ನೋಡೋಣವೆಂದು ಬಾಷಾ ಅವರನ್ನೂ ಕರೆದುಕೊಂಡು ಹೊರಟೆವು. ಊರ ಹೊರಗೆ, ಮಾವಿನ ತೋಪು ದಾಟಿ, ನಾರಾಯಣಮ್ಮ ಎಂಬುವರ ತೋಟ. ಗಂಡ ತೀರಿಕೊಂಡ ಮೇಲೆ ಅವರೇ ನಿಂತು ಟೊಮಾಟೊ, ಹುರುಳಿಕಾಯಿ ಬೆಳೆಯುತ್ತಿದ್ದರು. ಅವರ ಮೋಟಾರು ವರದಿಯ ಪ್ರಕಾರ ಎರಡು ಸಲ ಕೆಟ್ಟಿತ್ತು. ನಾವು ಹೋದಾಗ ಅದು ಬಾವಿಯಲ್ಲಿ ಓಡುತ್ತಿತ್ತು. ಯಾವಾಗ ರಿವೈಂಡ್ ಮಾಡಿಸಿದಿರಿ ಎಂದು ಇವರು ಕೇಳಿದರು.

‘ನಾನ್ಯಾಕಪ್ಪ ಮಾಡಿಸ್ಲಿ, ಬಾಷಾ ಹಾಕಿಕೊಟ್ಟಿದ್ದೇ ಐತಲ್ಲ.’

ಹಾಗಾದರೆ ಎರಡು ಸಲ ಕೆಟ್ಟಿತೆಂದು ಜೀಪಿನವರ ಹತ್ತಿರ ಹೇಳಿದ್ದೇಕೆ ಎಂದು ಇವರು ಕೇಳಿದರು.

‘ಕೆಟ್ಟೋಯ್ತು ಅಂತ ನಾನೆಲ್ಲಂದೆ? ಆಗೋಯ್ತು ಅಂದೆ. ಓಡ್ತಾ ಓಡ್ತಾ ಆಗೋಯ್ತು. ಮೋಟಾರು ಆಗಿಪೋಯಿಂದಿ ಸಾರ್ ಅಂತ ತೆಲುಗಲ್ಲೂ ಹೇಳಿದ್ನಪ್ಪ. ಆವಯ್ಯ ತಲೆ ಆಡಿಸ್ದ.’

ಇಲ್ಲಿ ಓದುಗರಿಗೆ ಸ್ವಲ್ಪ ವಿವರ ಬೇಕು. ತೆಲುಗಿನಲ್ಲಿ ‘ಆಗಿಪೋಯಿಂದಿ’ ಎಂದರೆ ‘ನಿಂತುಹೋಯಿತು’. ಕನ್ನಡದ ಕಿವಿಗೆ ಅದು ‘ಆಗಿಹೋಯಿತು’, ಅಂದರೆ ಮುಗಿದೇಹೋಯಿತು. ನಮ್ಮ ಜಿಲ್ಲೆಯ ಗಡಿ ಕಡೆ ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ ಆಡುವವರು ಎರಡನ್ನೂ ಬೆರೆಸಿ, ತೆಲುಗಿನ ಅರ್ಥಕ್ಕೆ ಕನ್ನಡದ ಅಂಗಿ ತೊಡಿಸುತ್ತಾರೆ. ನಾನು ಹೊಸದಾಗಿ ಬಂದಾಗ ಮುಳಬಾಗಿಲಿನಲ್ಲಿ ಒಬ್ಬರು ‘ಆ ಬಸ್ಸು ಇಲ್ಲಿ ಆಗಲ್ಲ ಸಾರ್’ ಎಂದದ್ದನ್ನು ಕೇಳಿ ಬಹಳ ಹೊತ್ತು ತಬ್ಬಿಬ್ಬಾಗಿದ್ದೆ. ಬಸ್ಸು ನಿಲ್ಲುವುದಿಲ್ಲ ಎಂದು ಅವರ ಮಾತು. ಜೀಪಿನ ಅಧಿಕಾರಿ ಬಾವಿಯಿಂದ ಬಾವಿಗೆ ಹೋಗಿ ಕೇಳಿದ್ದು ಇದನ್ನೇ. ರೈತರು ಮೋಟಾರು ನಿಂತಿತೆಂದರು. ಅವರು ಮುಗಿಯಿತೆಂದು ತಿಳಿದರು. ಆಮೇಲೆ ನಾನು ಅವರನ್ನು ಬೆಂಗಳೂರಿನಲ್ಲಿ ಕಂಡು ಕೇಳಿದೆ. ಮರೆಮಾಚಲಿಲ್ಲ. ಎಲ್ಲರೂ ಒಂದೇ ಮಾತು ಹೇಳಿದರು, ಅನುಮಾನಕ್ಕೆ ಜಾಗವೇ ಇರಲಿಲ್ಲ ಎಂದರು.

ಬಿಲ್ಲೆ ಕೆಲಸ ಮಾಡಿತ್ತು. ಅದು ಕೆಲಸ ಮಾಡಿದ ಪ್ರತಿಯೊಂದು ಸಲವೂ ವರದಿಯಲ್ಲಿ ಸೋಲು ಎಂದು ಸೇರಿತ್ತು.

ನಮ್ಮ ಸ್ನೇಹಿತರು ಬಾವಿ ಕಟ್ಟೆಯ ಮೇಲೆ ಕೂತು ನಕ್ಕರು. ಅಷ್ಟು ವರ್ಷದಲ್ಲಿ ಅವರು ಗಟ್ಟಿಯಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಾಷಾ ಅವರೂ ನಕ್ಕರು. ಏಕೆ ನಗುತ್ತಿದ್ದೇವೆಂದು ಗೊತ್ತಾಗದೆ ನಾರಾಯಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು. ಆಮೇಲೆ ಇವರು ಎದ್ದು, ಸ್ಟಾರ್ಟರಿನ ಪಕ್ಕದ ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ಬಿಲ್ಲೆಗೆ ಹೋಗುವ ಎರಡು ತುದಿಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ ಬಿಗಿಯಲಾಗಿತ್ತು. ಅಂದರೆ ಬಿಲ್ಲೆ ಒಳಗೆ ಎಷ್ಟೇ ತಡೆದರೂ ಸ್ಟಾರ್ಟರಿಗೆ ಗೊತ್ತಾಗುವುದಿಲ್ಲ. ಮೋಟಾರು ಓಡುತ್ತಲೇ ಇರುತ್ತದೆ, ಸುಡುವವರೆಗೆ.

‘ಇದು ಯಾವಾಗ ಹಾಕಿದ್ರಮ್ಮ?’

‘ಎರಡನೇ ಸಲ ಆಗೋಯ್ತಲ್ಲ, ಅವತ್ತು. ನೀನು ಬೇಜಾರು ಮಾಡ್ಕಬೇಡಪ್ಪ. ಕರೆಂಟು ಬರೋದೇ ಒಂದೊತ್ತು. ಅದ್ರಾಗೆ ನಿನ್ನ ಬಿಲ್ಲೆ ರೆಸ್ಟ್ ತಗೊಂಡು ಕೂತ್ಕತದೆ. ಆರಿ ಏಳೋವಷ್ಟೊತ್ಗೆ ಕರೆಂಟೇ ಹೋಗಿರ್ತದೆ. ನನ್ನ ಟೊಮಾಟೊ ರೆಸ್ಟ್ ತಗೊಳಲ್ಲ.’

ಬಾಷಾ ಏನೋ ಹೇಳಹೊರಟರು. ಇವರು ಕೈಸನ್ನೆ ಮಾಡಿ ತಡೆದರು. ಡಬ್ಬಿಯ ಮುಚ್ಚಳವನ್ನು ಹಾಗೇ ಹಾಕಿ, ‘ನೀವು ಹೇಳೋದು ಸರಿ ಕಣಮ್ಮ’ ಎಂದರು. ತಂತಿ ತೆಗೆಯಿರಿ ಎಂದು ಹೇಳಲಿಲ್ಲ. ಸುಟ್ಟೀತು, ನೋಡಿಕೊಳ್ಳಿ ಎಂದಷ್ಟೇ ಹೇಳಿದರು. ಸುಟ್ಟರೆ ನೋಡಿಕೊಳ್ಳೋಣ ಎಂದು ನಾರಾಯಣಮ್ಮನೂ ಹೇಳಿದರು. ವಾಪಸು ಬರುವಾಗ ತೋಪಿನ ನೆರಳಿನಲ್ಲಿ ಒಂದು ಕಡೆ ನಿಂತು ಹಿಂದಿರುಗಿ ಬಾವಿಯ ಕಡೆ ನೋಡಿದರು. ಏನು ಎಂದೆ. ಏನಿಲ್ಲ ಎಂದರು.

ನನಗೆ ಅದು ಒಳ್ಳೆಯ ಸುದ್ದಿ. ಒಂದು ಪದದ ಮೇಲೆ ನಿಂತ ವರದಿ, ಅದರ ಮೇಲೆ ನಿಂತ ತೀರ್ಮಾನ. ಸಂಸ್ಥೆಯ ಸಭೆ ಇನ್ನೂ ನಡೆದಿರಲಿಲ್ಲ. ಈ ವಾರವೇ ಬರೆಯುತ್ತೇನೆ, ನಿಮ್ಮ ಎರಡು ಮಾತು ಬೇಕು ಎಂದು ಕೇಳಿದೆ. ಅವರು ಒಪ್ಪಲಿಲ್ಲ. ಬರೆದರೆ ಜೀಪಿನಲ್ಲಿ ಬಂದ ಆ ಯುವಕನ ಕೆಲಸಕ್ಕೆ ಕುತ್ತು ಬರುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣವೇ ಅವರಿಗೆ ದೊಡ್ಡದು.

‘ನಿಂತಿದ್ದು ಎಷ್ಟು, ನಿಜವಾಗಿ ಸುಟ್ಟಿದ್ದು ಎಷ್ಟು, ತಂತಿ ಹಾಕಿದ್ದು ಎಷ್ಟು, ನನಗೇ ಗೊತ್ತಿಲ್ಲ. ಅರ್ಧ ತಿಳ್ಕೊಂಡು ಗೆದ್ದೆ ಅನ್ನೋದು ಹೇಗೆ? ಎಲ್ಲ ಬಾವಿ ನೋಡಿ ಬರ್ತೀನಿ. ತಣ್ಣಗಾಗಲಿ.’

ಅವರ ಒಪ್ಪಿಗೆಯಿಲ್ಲದೆ ಬರೆಯಲು ನನ್ನ ಹತ್ತಿರ ಬೇರೆ ಆಧಾರವಿರಲಿಲ್ಲ. ಭಾನುವಾರಗಳಲ್ಲಿ ಅವರು ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದು ಬಾವಿಯಿಂದ ಬಾವಿಗೆ ನಡೆದರು. ಒಂದೆರಡು ಸಲ ನಾನೂ ಹೋದೆ. ದೇವರಾಯಸಮುದ್ರದಲ್ಲಿ ಒಬ್ಬ ರೈತರಿಗೆ ಬಿಲ್ಲೆಯ ಮೇಲೆ ಪ್ರೀತಿ ಹುಟ್ಟಿತ್ತು. ಕೆರೆಯಲ್ಲಿ ನೀರಿತ್ತು, ಅವರಿಗೆ ಅವಸರವಿರಲಿಲ್ಲ. ಮೋಟಾರು ಆಗೋಯಿತೆಂದರೆ ಟೀ ಕುಡಿಯಲು ಹೋಗುವ ಹೊತ್ತು ಎಂದು ಲೆಕ್ಕ ಇಟ್ಟುಕೊಂಡಿದ್ದರು. ಬೇರೆ ಹಲವು ಕಡೆ ನಾರಾಯಣಮ್ಮನ ಹಾಗೆಯೇ ತಂತಿ ಬಿಗಿದಿದ್ದರು. ತಂತಿ ಬಿದ್ದ ಕಡೆ ಒಂದೆರಡು ಮೋಟಾರು ನಿಜವಾಗಿಯೂ ಸುಟ್ಟಿದ್ದವು. ಅವನ್ನು ಬಾಷಾ ಅವರ ಅಂಗಡಿಗಲ್ಲ, ಚಿಂತಾಮಣಿಗೆ ಒಯ್ದಿದ್ದರು. ಬಿಲ್ಲೆಯನ್ನು ಇದ್ದಂತೆ ಬಿಟ್ಟ ಕಡೆ ಒಂದೂ ಸುಟ್ಟಿರಲಿಲ್ಲ. ಕೆಲವರು ಊರಲ್ಲಿ ಸಿಗಲಿಲ್ಲ, ಅಲ್ಲಿಗೆ ಮತ್ತೆ ಹೋದರು. ಒಂದು ಬಾವಿಯ ವಿಷಯ ಅನುಮಾನವಿದ್ದರೆ ಇನ್ನೊಂದು ಭಾನುವಾರ. ಹಿಂಗಾರು ಮಳೆ ಬಂತು, ದಾರಿಗಳು ಕೆಟ್ಟವು. ಮತ್ತೆ ಬೇಸಿಗೆ ಬಂತು. ಆ ಬೇಸಿಗೆಯಲ್ಲೂ ನೋಡಿಬಿಡುವುದು ಒಳ್ಳೆಯದೆಂದುಕೊಂಡರು.

ಈ ನಡುವೆ ಸಂಸ್ಥೆಯಲ್ಲಿ ಸಭೆ ನಡೆದು ಮೊದಲಿನ ವರದಿ ಅಂಗೀಕಾರವಾಯಿತು. ಆಕ್ಷೇಪವಿದೆಯೇ ಎಂದು ಇವರನ್ನು ಕೇಳಿದ್ದರು. ಪೂರ್ತಿ ವಿವರ ಕೈಗೆ ಬಂದ ಮೇಲೆ ಹೇಳುತ್ತೇನೆ ಎಂದಿದ್ದರಂತೆ. ಇದನ್ನು ನನಗೆ ಹೇಳಿದ್ದು ಅವರ ಸಹೋದ್ಯೋಗಿಯೊಬ್ಬರು. ಒಂದು ಪದ ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು, ಸಭೆಯವರು ಇನ್ನೊಮ್ಮೆ ನೋಡೋಣ ಎನ್ನುತ್ತಿದ್ದರು, ಇವರು ಸುಮ್ಮನೆ ಕೂತಿದ್ದರು ಎಂದು ಅವರು ಇಂದಿಗೂ ಸಂಕಟಪಡುತ್ತಾರೆ.

ಕೊನೆಗೆ ಅವರು ಎಲ್ಲವನ್ನೂ ಬೇರ್ಪಡಿಸಿ, ತಮಗೆ ಅನುಕೂಲವಲ್ಲದ್ದನ್ನೂ ಸೇರಿಸಿ ನಿರ್ದೇಶಕರ ಮುಂದಿಟ್ಟಾಗ, ನಿರ್ದೇಶಕರು ಒಳ್ಳೆಯ ಮಾತನ್ನೇ ಆಡಿದರಂತೆ. ಇಷ್ಟು ಪ್ರಾಮಾಣಿಕವಾದ ಕೆಲಸ ನೋಡಿಲ್ಲ ಎಂದರಂತೆ. ಆದರೆ ಕುಲುಮೆ ಬೇರೆ ಯೋಜನೆಗೆ ಹೋಗಿತ್ತು. ಮಾಲೂರಿನ ಮಾಲೀಕರು ಅಷ್ಟು ಕಾಲ ಕಾಯಲಾಗದೆ ಷೆಡ್ಡನ್ನು ದನದ ಬೂಸಾ, ಹಿಂಡಿ ತುಂಬಲು ಯಾರಿಗೋ ಕೊಟ್ಟಿದ್ದರು. ಅವರನ್ನು ದೂರುವಂತಿಲ್ಲ. ಕೊಡುವ ಮುಂಚೆ ಅವರು ಬೆಂಗಳೂರಿಗೆ ಹೋಗಿ ಕೇಳಿದ್ದರು. ಇವರು, ಇನ್ನು ಸ್ವಲ್ಪ ದಿನ ಎಂದಿದ್ದರು.

ಬಿಲ್ಲೆ ಮಾಲೂರಿನಲ್ಲಿ ತಯಾರಾಗಲಿಲ್ಲ. ಬೇರೆಲ್ಲೂ ತಯಾರಾಗಲಿಲ್ಲ.

ಅವರು ಮತ್ತೆ ವಿದ್ಯುತ್ತನ್ನು ಹಿಡಿದಿಡುವ ಪಿಂಗಾಣಿಗೆ ಮರಳಿದರು. ಪ್ರಬಂಧಗಳು ಬಂದವು, ಬಡ್ತಿ ಬಂತು. ಎಂಬತ್ತರ ದಶಕದ ನಡುವೆ ನಿವೃತ್ತರಾಗಿ ಕೋಲಾರದಲ್ಲಿ ಮನೆ ಮಾಡಿದರು. ಬೀಳ್ಕೊಡುಗೆಯ ಸಭೆಗೆ ನಾನು ಹೋಗಿದ್ದೆ. ಅವರ ಸಾಧನೆಗಳನ್ನು ಓದಿದವರು ಬಿಲ್ಲೆಯ ಹೆಸರೆತ್ತಲಿಲ್ಲ. ಅವರೂ ತಮ್ಮ ಮಾತಿನಲ್ಲಿ ಎತ್ತಲಿಲ್ಲ. ಕುಲುಮೆ ನೋಡಿಕೊಳ್ಳುತ್ತಿದ್ದ ಕೆಲಸಗಾರರ ಹೆಸರುಗಳನ್ನು ಒಂದೊಂದಾಗಿ ಹೇಳಿ ಕೂತರು.

ಅವರನ್ನು ಕೊನೆಯ ಸಲ ಸರಿಯಾಗಿ ಕೂತು ಮಾತಾಡಿಸಿದ್ದು ಅವರ ಕೋಲಾರದ ಮನೆಯಲ್ಲಿ, ಒಂದು ಬೆಳಿಗ್ಗೆ. ಹಜಾರದ ಮೇಜಿನ ಮೇಲೆ ಮನೆಬಾಗಿಲಿಗೆ ಹಾಕುವ ಒಂದು ಕರೆಗಂಟೆ, ತಂತಿಗಳು, ಒಂದು ಬಿಲ್ಲೆ. ಬೆಸುಗೆ ಹಾಕುವ ಕಡ್ಡಿಯನ್ನು ಕಾಯಿಸಿ ಬಿಲ್ಲೆಯ ಹತ್ತಿರ ಹಿಡಿದರು. ಸ್ವಲ್ಪ ಹೊತ್ತಿನಲ್ಲಿ ಗಂಟೆ ಹೊಡೆದುಕೊಂಡಿತು.

‘ಯಾರೋ ಬಂದ್ರು ನೋಡ್ರೀ’ ಎಂದು ಅಡಿಗೆಮನೆಯಿಂದ ಹೆಂಡತಿ ಕೂಗಿದರು.

‘ಯಾರೂ ಇಲ್ಲ ಕಣೇ, ಮೋಟಾರು’ ಎಂದು ಇವರು ಉತ್ತರ ಕೊಟ್ಟರು. ಆಮೇಲೆ ನನಗೆ ವಿವರಿಸಿದರು. ಬಿಲ್ಲೆ ಮೋಟಾರನ್ನು ನಿಲ್ಲಿಸಬೇಕಾಗಿಲ್ಲ. ಕಾದಿದೆ ಎಂದು ಗಂಟೆ ಹೊಡೆದರೆ ಸಾಕು. ನಿಲ್ಲಿಸುವುದೋ, ಇನ್ನೊಂದು ಸಾಲಿಗೆ ನೀರು ಹಾಯಿಸಿ ನಿಲ್ಲಿಸುವುದೋ, ಅದು ಬೆಳೆ ಬೆಳೆಯುವವರ ತೀರ್ಮಾನ. ವೋಲ್ಟೇಜು ಹೇಗಿದೆ, ಗಿಡ ಹೇಗಿದೆ ಎಂದು ಅವರಿಗೆ ಗೊತ್ತಿರುತ್ತದೆ. ಡಬ್ಬಿಯೊಳಗೆ ಎರಡು ತಂತಿ ಬದಲಾಯಿಸುವಷ್ಟು ಕೆಲಸ. ಕುಲುಮೆ ಬೇಡ, ಸಭೆ ಬೇಡ.

ಇದನ್ನು ಹಿಡಿದುಕೊಂಡು ಹಿಂದಿನ ವಾರ ಶ್ರೀನಿವಾಸಪುರಕ್ಕೆ ಹೋಗಿದ್ದೆ ಎಂದರು. ನಾರಾಯಣಮ್ಮ ಇದ್ದರು. ಆದರೆ ಆ ಬಾವಿ ಈಗ ಇಲ್ಲ, ಬೋರ್ ಹಾಕಿಸಿದ್ದಾರೆ. ಮೋಟಾರು ಎಲ್ಲೋ ಭೂಮಿಯ ಕೆಳಗೆ ಕೊಳವೆಯಲ್ಲಿದೆ, ಅದಕ್ಕೆ ಈ ಬಿಲ್ಲೆ ಹೊಂದುವುದಿಲ್ಲ. ಹಳೆಯ ಮೋಟಾರು ಏನಾಯಿತೆಂದು ಕೇಳಿದರಂತೆ. ನಾವು ಹೋಗಿ ಬಂದ ಮರುವರ್ಷದ ಬೇಸಿಗೆಯಲ್ಲಿ ಸುಟ್ಟುಹೋಯಿತು ಎಂದು ನಾರಾಯಣಮ್ಮ ಹೇಳಿದರಂತೆ. ಟೊಮಾಟೊ ಬಿಡುವ ಹೊತ್ತು, ರಿಪೇರಿಯಾಗಿ ಬರುವಷ್ಟರಲ್ಲಿ ತೋಟ ಒಣಗಿತು ಎಂದರು. ಇವರು ಗಂಟೆಯ ವಿಷಯ ಹೇಳಿದರು. ನಾರಾಯಣಮ್ಮ ಅದನ್ನು ಕೈಯಲ್ಲಿ ಹಿಡಿದು ನೋಡಿದರು, ಬಾರಿಸಿ ನೋಡಿದರು.

‘ಇದು ಅವತ್ತೇ ಇದ್ದಿದ್ರೆ ಆ ತಂತಿ ಕಿತ್ತಾಕ್ತಿದ್ನಲ್ಲಪ್ಪ. ಅವತ್ತು ಯಾಕೆ ಹೊಳೀಲಿಲ್ಲ ನಿಂಗೆ?’ ಎಂದರಂತೆ. ಆ ಮಾತನ್ನು ಇವರು ನಾರಾಯಣಮ್ಮನ ದನಿಯಲ್ಲೇ ಹೇಳಿದರು.

ನೀವೇನಂದಿರಿ ಎಂದು ಕೇಳಿದೆ. ಅವರು ಬೆಸುಗೆ ಕಡ್ಡಿಯ ಪ್ಲಗ್ಗು ತೆಗೆದು, ಅದನ್ನು ಸ್ಟ್ಯಾಂಡಿನ ಮೇಲಿಟ್ಟರು.

‘ಇತ್ತೀಚೆಗೆ ಹೊಳೀತಮ್ಮ, ವಯಸ್ಸಾಯ್ತಲ್ಲ, ಬುದ್ಧಿ ನಿಧಾನ ಅಂದೆ’ ಎಂದರು. ‘ನಿಮಗೆ ಹೇಳ್ತೀನಿ, ಅವತ್ತೇ ಹೊಳೆದಿತ್ತು. ಆ ತೋಪಿನ ಹತ್ರ ಬರೋವಾಗ್ಲೇ. ಮೊದ್ಲು ನನ್ನ ಬಿಲ್ಲೆ ಸರಿ ಅಂತ ಎಲ್ಲರೂ ಒಪ್ಲಿ, ಇದು ಆಮೇಲೆ ಅಂದ್ಕೊಂಡೆ.’